ಪೆನ್ಸಿಲ್ ಹೋಗುವ ತೂತು

ಪೆನ್ಸಿಲ್ ಹೋಗುವಷ್ಟು ತೂತಿದ್ದರೆ ಸಾಕು, ಇಲಿ ಒಳಗೆ ಬರುತ್ತದೆ ಎಂದು ನನಗೆ ಹೇಳಿಕೊಟ್ಟ ನೆರೆಮನೆಯಾಕೆ ಹೋದ ತಿಂಗಳು ತೀರಿಕೊಂಡರು. ಹೇಳಿಕೊಟ್ಟರು ಎನ್ನುವುದು ಮರ್ಯಾದೆಯ ಮಾತು. ನಿಜವಾಗಿ ಅವರು ನನ್ನ ತಲೆ ತಿಂದರು. ವರ್ಷಗಟ್ಟಲೆ ತಿಂದರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು ಎನ್ನುವುದು ಇವತ್ತಿಗೂ ನನ್ನನ್ನು ರೇಗಿಸುತ್ತದೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಕೀಲ್ಪಾಕ್ ಫ್ಲಾಟಿನಲ್ಲಿ ಎಲ್ಲರಿಗೂ ಅವರು ಮಾಮಿ. ಎರಡನೆಯ ಮಹಡಿಯಲ್ಲಿ ಅವರ ಬಾಗಿಲು, ಎದುರಿಗೆ ನಮ್ಮದು. ಅವರ ಕೈಯಡುಗೆಯ ಮೇಲೆ ಒಂದು ಅಪವಾದ ಇತ್ತು. ಅವರ ವಡೆ ತಿಂದು ನಮ್ಮ ನಾಯಿ ಸತ್ತಿತು ಎಂದು ಮೂರೂ ಮಹಡಿಯವರು ನಂಬಿದ್ದರು. ಅದು ಸುಳ್ಳು ಎಂದು ಗೊತ್ತಿದ್ದವನು ನಾನೊಬ್ಬನೇ. ಅವರು ಬದುಕಿರುವವರೆಗೂ ನಾನು ಬಾಯಿ ಬಿಡಲಿಲ್ಲ.

ಮಾಮಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮನೆತನ. ಕನ್ನಡ ಮಾತಾಡುತ್ತಾ ಅರ್ಧ ದಾರಿಯಲ್ಲಿ ತಮಿಳಿಗೆ ಇಳಿದು, ಮತ್ತೆ ಹತ್ತಿ ಬರುತ್ತಿದ್ದರು. ಯಾರನ್ನಾದರೂ ಕಾಯಿಸಬೇಕಾದರೆ "ಲೈನಲ್ಲಿರಿ" ಎನ್ನುತ್ತಿದ್ದರು. ಬಾಗಿಲಿಗೆ ಬಂದ ಹಾಲಿನವನಿಗೂ ಲೈನಲ್ಲಿರಿ, ಶ್ರಾದ್ಧಕ್ಕೆ ಬಂದ ಆಚಾರ್ಯರಿಗೂ ಲೈನಲ್ಲಿರಿ. ಕೆಲಸದಲ್ಲಿದ್ದಾಗ ಲೈನು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಿಸದೆ ಬಿಡುತ್ತಿರಲಿಲ್ಲವಂತೆ. ನಿವೃತ್ತರಾದ ಮೇಲೂ ಆ ಚಾಳಿ ಹೋಗಲಿಲ್ಲ. ಹುಡುಕಲು ಟೆಲಿಫೋನ್ ಲೈನು ಇರಲಿಲ್ಲ, ಇಲಿಯ ದಾರಿ ಇತ್ತು.

ನಮ್ಮದು ಹಳೆಯ ಕಟ್ಟಡ. ಹಿಂದುಗಡೆ ಚರಂಡಿ, ಅದರಾಚೆ ಒಂದು ಹೋಟೆಲಿನ ಹಿತ್ತಿಲು. ಇಲಿ ಬರದೆ ಇನ್ನೇನು ಬಂದೀತು? ಅಕ್ಕಿಯ ಚೀಲ ಕಡಿದವು, ಮೊಮ್ಮಗಳ ಕ್ರೇಯಾನ್ ಕಡಿದವು, ವಾಷಿಂಗ್ ಮೆಷೀನಿನ ಪೈಪು ಕಡಿದವು. ನಾನು ಬಯ್ಯುತ್ತಾ ಪೊರಕೆ ಹಿಡಿದು ಓಡಾಡುವ ಸದ್ದು ಕೇಳಿದರೆ ಮಾಮಿ ಟಾರ್ಚ್ ಹಿಡಿದು ಬಂದುಬಿಡುತ್ತಿದ್ದರು. ಕಿವಿಯ ಮೇಲೆ ಒಂದು ಮೊಂಡು ಪೆನ್ಸಿಲ್. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಒಂದು ಕೈ ಊರಿ, ಸಿಂಕಿನ ಕೆಳಗೆ ಬಗ್ಗುತ್ತಿದ್ದರು.

"ರಾಯರೇ, ಕೊಂಜ ಇಲ್ಲಿ ಬನ್ನಿ. ನೋಡಿ, ಪೆನ್ಸಿಲ್ ಒಳಗೆ ಹೋಯ್ತಾ?"

"ಹೋಯ್ತು."

"ಹೋಯ್ತಲ್ಲ, ಹಾಗಾದ್ರೆ ಇದು ತೂತಲ್ಲ, ಬಾಗಿಲು. ನೀವು ಬಾಗಿಲು ತೆಗೆದಿಟ್ಟು ಕಳ್ಳನಿಗೆ ಬೈತಾ ಕೂತಿದೀರಿ."

ಪಾತ್ರೆ ತಿಕ್ಕುವ ಕಂಬಿಯ ನಾರನ್ನು ತೂತಿಗೆ ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟು ಮೆತ್ತುವುದು ಅವರ ವಿದ್ಯೆ. ಬರೀ ಸಿಮೆಂಟನ್ನು ಇಲಿ ಕೆರೆಯುತ್ತದೆ, ಕಂಬಿಗೆ ಹಲ್ಲು ಹಾಕುವುದಿಲ್ಲ. ಈ ಕೆಲಸವನ್ನು ನಾನು ಮಾಡಬೇಕು, ಅವರು ಟಾರ್ಚ್ ಹಿಡಿದು ತಪ್ಪು ಹೇಳಬೇಕು. ಒಂದು ತೂತು ಮುಚ್ಚುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಆಮೇಲೆ ಆಜ್ಞೆಗಳು. ಅಕ್ಕಿ ಬೇಳೆ ಎಲ್ಲ ಸ್ಟೀಲ್ ಡಬ್ಬಕ್ಕೆ. ನಾಯಿಯ ತಟ್ಟೆ ಅದು ತಿಂದ ತಕ್ಷಣ ತೊಳೆದು ಮೇಲಿಡಬೇಕು. ಇಲಿಯ ಹಿಕ್ಕೆಯನ್ನು ಒಣದಾಗಿ ಗುಡಿಸಬಾರದು. ಮೊದಲು ಬ್ಲೀಚಿಂಗ್ ಪೌಡರಿನ ನೀರು ಚಿಮುಕಿಸಿ, ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಬೇಕು. ನಾನು ಬೀರುವಿನ ಸುತ್ತ ಇಟ್ಟಿದ್ದ ನುಸಿಗುಳಿಗೆಗಳನ್ನು ಅವರೇ ಆರಿಸಿ ತಮ್ಮ ಸೆರಗಿಗೆ ಹಾಕಿಕೊಂಡು ಹೋದರು. "ಮಗು ಪೆಪ್ಪರ್‌ಮಿಂಟ್ ಅಂದ್ಕೊಳ್ಳತ್ತೆ," ಎಂದರು. ನನ್ನ ಮನೆಯಲ್ಲಿ, ನನ್ನ ಗುಳಿಗೆ.

ಕಾಗೆಗೆ ಇಡುವ ಅನ್ನದ ವಿಷಯಕ್ಕೂ ಬಂದರು. ನನ್ನ ಹೆಂಡತಿ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಅಡಿಗೆಮನೆಯ ಕಿಟಕಿಯ ಹೊರಗೆ ಒಂದು ಹಿಡಿ ಅನ್ನ ಇಡುವುದು ನನ್ನ ಪದ್ಧತಿ.

"ಕಾಗೆ ಬಂದು ತಿನ್ನೋದು ನೋಡಿದೀರಾ?"

"ತಿನ್ನತ್ತೆ."

"ಕಾಗೆ ಎರಡು ಅಗುಳು ತಿನ್ನತ್ತೆ. ಮಿಕ್ಕಿದ್ದು ನಿಮ್ಮ ಅತಿಥಿಗಳಿಗೆ. ಇಡಬೇಡಿ ಅಂತ ನಾನು ಹೇಳಲ್ಲ, ಪಾಪ ನನಗೇ ಸುತ್ತಿಕೊಳ್ಳತ್ತೆ. ಕಾಗೆ ಹೋದ ಮೇಲೆ ತೊಳೆದುಬಿಡಿ."

ಇಲಿ ಹಿಡಿಯಲು ಅವರದು ಒಂದು ಕಂಬಿಯ ಬೋನು. ಅದನ್ನು ಹಾಗೇ ಇಡುತ್ತಿರಲಿಲ್ಲ. ಹಳೆಯ ಮರದ ಪೆಟ್ಟಿಗೆಯೊಂದಕ್ಕೆ ಪಕ್ಕದಲ್ಲಿ ಸಣ್ಣ ಕಂಡಿ ಕೊರೆಸಿ, ಅದರೊಳಗೆ ಬೋನಿಟ್ಟು, ಗೋಡೆಗೆ ಒತ್ತಿ ಇಡುತ್ತಿದ್ದರು. ಮಗುವಿನ ಕೈ, ನಾಯಿಯ ಮೂತಿ ಎರಡೂ ಒಳಗೆ ಹೋಗಬಾರದು ಎಂದು. ಒಂದು ಇಲಿ ಬೀಳಲು ವಾರಗಳೇ ಹಿಡಿಯುತ್ತಿದ್ದವು. ಬಿದ್ದರೆ ಬೋನಿಗೆ ಬಟ್ಟೆ ಮುಚ್ಚಿ, ಯಾವುದೋ ಮನೆಗೆ ತಾಂಬೂಲ ಕೊಡಲು ಹೊರಟವರ ಹಾಗೆ ರೈಲ್ವೆ ಹಳಿಯ ಪಕ್ಕದ ಬಯಲಿಗೆ ನಡೆದುಹೋಗಿ ಬಿಟ್ಟುಬರುತ್ತಿದ್ದರು.

"ಮಾಮಿ, ಅದು ರಿಟರ್ನ್ ಟಿಕೆಟ್ ತಗೊಂಡೇ ಹೋಗಿರತ್ತೆ," ಎಂದು ನಾನು ಚುಚ್ಚುತ್ತಿದ್ದೆ.

"ವಾಪಸ್ ಬಂದ್ರೆ ಬರಲಿ. ಬಾಗಿಲು ಮುಚ್ಚಿದೀವಲ್ಲ," ಎನ್ನುತ್ತಿದ್ದರು.

ನನಗೆ ಇದೆಲ್ಲ ಹೆಂಗಸರ ಆಟವಾಗಿ ಕಾಣುತ್ತಿತ್ತು. ನಾನು ಓದಿದ್ದು ಹೈಸ್ಕೂಲಿನವರೆಗೆ. ಮಣಲಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಸಣ್ಣ ಕೆಲಸಕ್ಕೆ ಸೇರಿ, ಸ್ಟೋರ್ ಕೀಪರ್ ಆಗಿ ಹೊರಬಂದವನು. ಅಲ್ಲಿ ನಮಗೆ ಇಲಿಯ ಕಾಟ ಹೇಳತೀರದು. ಕ್ಯಾಂಟೀನಿನ ವಡೆ ತಂದು, ಸೀಳಿ, ನಡುವೆ ಇಲಿ ಪಾಷಾಣದ ಕಪ್ಪು ಪುಡಿ ತುಂಬಿ, ಸಾಲು ಸಾಲಾಗಿ ಇಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದೆವು. ಮಾರನೆಯ ದಿನ ಸತ್ತ ಇಲಿಗಳನ್ನು ಬುಟ್ಟಿಯಲ್ಲಿ ತುಂಬಿ ಎಸೆಯುತ್ತಿದ್ದೆವು. ಇಲಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಭ ನನಗಿತ್ತು. ಉಗ್ರಾಣಕ್ಕೆ ಬೀಗ ಇತ್ತು, ಅದರೊಳಗೆ ಮಗುವೂ ಇರಲಿಲ್ಲ, ನಾಯಿಯೂ ಇರಲಿಲ್ಲ ಎನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಒಮ್ಮೆ ಪೇಟೆಯಿಂದ ಅಂಟಿನ ಹಲಗೆ ತಂದಿಟ್ಟೆ. ಇಲಿ ಸಿಕ್ಕಲಿಲ್ಲ, ನಮ್ಮ ನಾಯಿ ಮಣಿಯ ಕಿವಿ ಅಂಟಿಕೊಂಡಿತು. ಅದು ಮಗ ಬೀದಿಯಿಂದ ಎತ್ತಿ ತಂದ ಕಂದು ನಾಯಿ, ಸಾಧು. ಹಲಗೆಯನ್ನು ತಲೆಗೆ ಕಟ್ಟಿಕೊಂಡು ಮನೆಯೆಲ್ಲ ಓಡಿತು. ನಾನು ಹಿಡಿದು ಎಳೆಯತೊಡಗಿದೆ. ಮಾಮಿ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬಂದರು.

"ಎಳೀಬೇಡಿ ರಾಯರೇ. ಅದು ಅದರ ಕಿವಿ, ನಿಮ್ಮ ಗೋಡೆ ಕ್ಯಾಲೆಂಡರ್ ಅಲ್ಲ."

ನೆಲದ ಮೇಲೆ ಕಾಲು ಚಾಚಿ ಕೂತು, ಮಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಸವರಿ ಸವರಿ ಕೂದಲು ಕೂದಲಾಗಿ ಬಿಡಿಸಿದರು. ಆ ದಿನವೇ ಸೊಸೆಯ ಎದುರಿಗೆ ನನ್ನಿಂದ ಮಾತು ತೆಗೆದುಕೊಂಡರು. "ಮಗು ಇರೋ ಮನೆ, ನಾಯಿ ಇರೋ ಮನೆ. ಮರುಂದು ಗಿರುಂದು, ಪಾಷಾಣ, ಏನೂ ಇಡಬಾರದು. ಸರಿಯಾ?" ನಾನು ಸರಿ ಎಂದೆ. ಅವರು ಎದ್ದುಹೋಗಲಿ ಎಂದು ಅಂದ ಸರಿ ಅದು.

ಆ ಮಾತು ಮುರಿದದ್ದು ಒಂದು ಸೀರೆಯಿಂದ. ಅಟ್ಟದ ಮೇಲಿನ ಟ್ರಂಕಿನಲ್ಲಿ ನನ್ನ ಹೆಂಡತಿಯ ಧಾರೆ ಸೀರೆ ಇತ್ತು. ಅವಳ ತಿಥಿ ಹತ್ತಿರ ಬಂದಾಗ ಅದನ್ನು ಒಮ್ಮೆ ಇಳಿಸಿ ಬಿಸಿಲಿಗೆ ಹಾಕುವುದು ರೂಢಿ. ಆ ವರ್ಷ ಟ್ರಂಕು ತೆಗೆದರೆ ಸೀರೆ ಇರಲಿಲ್ಲ. ಜರಿಯ ಚೂರುಗಳ ಒಂದು ಗೂಡಿತ್ತು, ಅದರಲ್ಲಿ ಬೆರಳಿನ ತುದಿಯಷ್ಟು ಕೆಂಪು ಮರಿಗಳಿದ್ದವು. ಟ್ರಂಕಿನ ಮೂಲೆ ತುಕ್ಕು ಹಿಡಿದು ತೂತಾಗಿತ್ತು. ಖಂಡಿತ ಪೆನ್ಸಿಲ್ ಹೋಗುವಷ್ಟು.

ಅದೇ ದಿನ ಸಂಜೆ ಮಾಮಿ ಪ್ರಸಾದ ತಂದರು. ತಿಂಗಳಿಗೊಂದು ಶನಿವಾರ ಅವರು ಬೀದಿಯ ಕೊನೆಯ ಆಂಜನೇಯನಿಗೆ ವಡೆಮಾಲೆ ಹಾಕಿಸುತ್ತಿದ್ದರು. ವಡೆಗಳನ್ನು ತಾವೇ ಮಾಡಿ, ದಾರದಲ್ಲಿ ಪೋಣಿಸಿ, ಪೂಜೆ ಮುಗಿದ ಮೇಲೆ ಮನೆಮನೆಗೆ ಹಂಚುತ್ತಿದ್ದರು. ಚಪ್ಪಟೆಯಾದ, ಗಟ್ಟಿಯಾದ, ಮೈತುಂಬ ಕರಿಮೆಣಸಿನ ಚೂರಿರುವ ವಡೆ. ಎಷ್ಟು ದಿನ ಇಟ್ಟರೂ ಕೆಡುತ್ತಿರಲಿಲ್ಲ. ಅವರ ವಡೆಗಾಗಿ ಫ್ಲಾಟಿನ ಜನ ಶನಿವಾರ ಕಾಯುತ್ತಿದ್ದರು. ಹಾಗೆ ಕಾಯುವವರನ್ನು ನೋಡಿ ಅವರ ಮುಖದಲ್ಲಿ ಏಳುತ್ತಿದ್ದ ಸಣ್ಣ ಹೆಮ್ಮೆಯನ್ನು ನಾನು ಕಂಡಿದ್ದೇನೆ. ಬೇರೆ ಯಾವುದಕ್ಕೂ ಅವರು ಹಾಗೆ ಹೆಮ್ಮೆ ಪಟ್ಟವರಲ್ಲ.

ಸೀರೆಯ ವಿಷಯ ಹೇಳಿದೆ. "ಅಯ್ಯೋ ಪಾವಂ," ಎಂದು, "ಟ್ರಂಕಿನ ಮೂಲೆ ನೋಡಿದ್ರಾ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

ಅವರು ಹೋದ ಮೇಲೆ ಉಗ್ರಾಣದ ಕಾಲದಿಂದ ಬಚ್ಚಿಟ್ಟುಕೊಂಡಿದ್ದ ಪುಡಿಯ ಡಬ್ಬಿ ತೆಗೆದೆ. ಅವರದೇ ವಡೆಯೊಂದನ್ನು ಸೀಳಿ ತುಂಬಿದೆ. ಕರಿಮೆಣಸಿನ ನಡುವೆ ಕಪ್ಪು ಪುಡಿ ಕಾಣುತ್ತಲೇ ಇರಲಿಲ್ಲ. ಗ್ಯಾಸ್ ಸಿಲಿಂಡರಿನ ಹಿಂದೆ ತಳ್ಳಿದೆ. ಪ್ರಸಾದಕ್ಕೆ ವಿಷ ಹಾಕುತ್ತಿದ್ದೇನೆ ಎಂದು ಅನ್ನಿಸಲಿಲ್ಲವೇ ಎಂದರೆ, ಅನ್ನಿಸಿತು. ಕೈ ನಿಲ್ಲಲಿಲ್ಲ.

ಇಲಿಗಳು ಅದನ್ನು ತಿನ್ನಲಿಲ್ಲ, ಎಳೆದಾಡಿ ಅಡಿಗೆಮನೆಯ ಹೊಸ್ತಿಲಿಗೆ ತಂದು ಬಿಟ್ಟಿದ್ದವು. ಮಾರನೆಯ ಬೆಳಿಗ್ಗೆ ಮೊದಲು ಎದ್ದದ್ದು ಮೊಮ್ಮಗಳು. ಆಗ ಅವಳಿಗೆ ಐದು ವರ್ಷ. ನೆಲಕ್ಕೆ ಬಿದ್ದ ಪ್ರಸಾದವನ್ನು ದಾಟಬಾರದು, ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳಬೇಕು ಎಂದು ಅವಳಿಗೆ ಕಲಿಸಿದವನು ನಾನೇ.

ನಾನು ಎದ್ದು ಬರುವ ಹೊತ್ತಿಗೆ ಮಣಿ ಮೂಲೆಯಲ್ಲಿ ವಾಂತಿ ಮಾಡುತ್ತಿತ್ತು. ಸೊಸೆ ಗಾಬರಿಯಾಗಿ, "ಏನು ತಿಂತೋ ಇದು?" ಎಂದು ಕೂಗಾಡುತ್ತಿದ್ದಳು. ಮಗ ಊರಲ್ಲಿರಲಿಲ್ಲ. ಸಿಲಿಂಡರಿನ ಹಿಂದೆ ನೋಡಿದೆ, ವಡೆ ಇರಲಿಲ್ಲ. ಮಗುವನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಮೆಲ್ಲಗೆ ಕೇಳಿದೆ.

ಮನೆಯಲ್ಲಿ ನಾವು ಕನ್ನಡ ಆಡುತ್ತೇವೆ, ಅವಳು ಉತ್ತರ ಕೊಡುವುದು ತಮಿಳಿನಲ್ಲಿ. "ನಾನ್ ಸಾಪ್ಪಿಡಲೆ ತಾತಾ. ಕಾರಂ. ಮಣಿಕ್ಕು ಕೊಡುತ್ತುಟ್ಟೇನ್," ಎಂದಳು. ತಾನು ತಿನ್ನಲಿಲ್ಲ, ಮಾಮಿಯ ವಡೆ ಯಾವಾಗಲೂ ಖಾರ, ಅದಕ್ಕೇ ಮಣಿಗೆ ಕೊಟ್ಟೆ ಎಂದು.

ಅವಳ ಕೈಗೆ ಸೋಪು ಹಚ್ಚಿ ತೊಳೆದೆ, ಮತ್ತೆ ತೊಳೆದೆ. ನಾಲಿಗೆ ಚಾಚಿಸಿ ನೋಡಿದೆ. ಚೂರಾದರೂ ಬಾಯಿಗೆ ಹಾಕಿಕೊಂಡಿದ್ದಾಳೋ ಏನೋ, ಐದು ವರ್ಷದ ಮಗುವಿನ ಮಾತನ್ನು ಎಷ್ಟು ನಂಬುವುದು? ಆ ಕ್ಷಣವೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಬೇಕಿತ್ತು. ಓಡಿದರೆ ಸೊಸೆಗೆ ಹೇಳಬೇಕಾಗುತ್ತದೆ. ನಾನು ಓಡಲಿಲ್ಲ. ಆ ದಿನವೆಲ್ಲ ಮಗುವಿನ ಹಿಂದೆಯೇ ಸುತ್ತಿದೆ, ಹೊಟ್ಟೆ ಮುಟ್ಟಿ ನೋಡಿದೆ, ಉಗುರು ನೋಡಿದೆ. ಅವಳಿಗೆ ಏನೂ ಆಗಲಿಲ್ಲ. ಆಗಿದ್ದರೆ ಎನ್ನುವುದನ್ನು ನೆನೆದು ಈಗಲೂ ಬೆವರುತ್ತೇನೆ. ನನ್ನ ಮರ್ಯಾದೆಯನ್ನು ಒಂದು ತಟ್ಟೆಯಲ್ಲಿ, ಆ ಮಗುವಿನ ಜೀವವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದವನು ನಾನು. ಅವಳನ್ನು ಉಳಿಸಿದ್ದು ಮಾಮಿಯ ಮೆಣಸು.

ಮಣಿಯನ್ನು ಆಟೋದಲ್ಲಿ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದ್ದೇ, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದಿರಾ ಎಂದು. ಸೊಸೆ ನನ್ನ ಕಡೆ ತಿರುಗಿದಳು.

"ಮಾವಾ, ಇಟ್ಟಿಲ್ಲ ಅಲ್ವಾ? ಮಾಮಿಗೆ ಮಾತು ಕೊಟ್ಟಿದೀವಿ."

"ಇಲ್ಲ," ಎಂದೆ.

"ವಡೆ ಕೊಟ್ಟೆ ಅಂತ ಮಗು ಹೇಳ್ತು ಡಾಕ್ಟ್ರೇ. ಎದುರುಮನೆ ವಡೆ. ಎಣ್ಣೆ ಕೆಟ್ಟಿತ್ತೋ ಏನೋ," ಎಂದಳು ಸೊಸೆ. ವೈದ್ಯರು ತಲೆಯಾಡಿಸಿ ಕೈಲಾದದ್ದು ಮಾಡಿದರು. ವಿಷ ಯಾವುದೆಂದು ಗೊತ್ತಿದ್ದರೆ ಉಳಿಸುತ್ತಿದ್ದರೋ ಇಲ್ಲವೋ, ನನಗೆ ತಿಳಿಯದು. ಮಣಿ ಸಂಜೆಯೊಳಗೆ ಸತ್ತಿತು. ಅದರ ಸರಪಳಿ ನನ್ನ ಕೈಯಲ್ಲಿತ್ತು.

ಸುದ್ದಿ ಮೆಟ್ಟಿಲಿಳಿಯಿತು. ಮಾಮಿ ಬಂದರು. ಸೊಸೆ ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ತಮ್ಮ ಪರವಾಗಿ ಒಂದು ಮಾತೂ ಆಡದೆ, ಮಾಮಿ ನನ್ನನ್ನು ಕೇಳಿದರು.

"ರಾಯರೇ, ನೀವು ಏನೂ ಇಟ್ಟಿರಲಿಲ್ಲ ತಾನೇ?"

"ಇಲ್ಲ ಮಾಮಿ."

"ಹಾಗಾದ್ರೆ ನನ್ನ ವಡೆನೇ," ಎಂದರು. ನನ್ನ ಮಾತನ್ನು ಅವರು ಹಾಗೇ ನಂಬಿಬಿಟ್ಟರು. ನೂರು ಸಲ ನನ್ನನ್ನು ತಿದ್ದಿದ ಹೆಂಗಸು ಆ ಒಂದು ಸಲ ಯಾಕೆ ನಂಬಬೇಕಾಗಿತ್ತು? ಟಾರ್ಚ್ ತಂದು ಸಿಲಿಂಡರಿನ ಹಿಂದೆ ಬಗ್ಗಿ ನೋಡಬಾರದಾಗಿತ್ತೇ?

ಅದರ ಮುಂದಿನ ತಿಂಗಳು ವಡೆ ಹಂಚಿದಾಗ ಜನ ನಗುತ್ತಾ ತೆಗೆದುಕೊಂಡರು. ಕೆಳಗಿನ ಕಸದ ಡ್ರಮ್ಮಿನಲ್ಲಿ ಅವು ಬಿದ್ದಿದ್ದನ್ನು ನಾನು ನೋಡಿದೆ. ಮಾಮಿಯೂ ನೋಡಿರಬೇಕು. ಮತ್ತೆ ಅವರು ಮನೆಯಲ್ಲಿ ವಡೆ ಮಾಡಲಿಲ್ಲ. ಹೊರಗೆ ಮಾಡಿಸಿ ದೇವರಿಗೆ ಹಾಕಿಸಿ, ಗುಡಿಯಲ್ಲೇ ಹಂಚಿಬಿಟ್ಟು ಬರುತ್ತಿದ್ದರು.

ಆದರೆ ತಪ್ಪು ಎಲ್ಲಿ ಆಯಿತು ಎಂದು ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ, ಲಿಫ್ಟಿಗೆ ಕಾಯುವಾಗ, ಇದೇ ಮಾತು. "ಎಣ್ಣೆ ಹೊಸದು ರಾಯರೇ. ಬೇಳೇನೂ ಹೊಸದು. ಬಾಣಲೆ ನಾನೇ ತೊಳೆದಿದ್ದು. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ." ಆಗೆಲ್ಲ ನಾನು ಹೇಳುತ್ತಿದ್ದದ್ದು, "ಬಿಡಿ ಮಾಮಿ, ಆಗಿದ್ದು ಆಯ್ತು." ಎಷ್ಟು ದೊಡ್ಡ ಮನಸ್ಸಿನವನ ಹಾಗೆ ಹೇಳುತ್ತಿದ್ದೆ! ಅವರು ಅದಕ್ಕೆ ಕೃತಜ್ಞತೆಯಿಂದ ತಲೆಯಾಡಿಸುತ್ತಿದ್ದರು. ಸೊಸೆ ಮಾತು ಬಿಟ್ಟಿದ್ದರೂ, ಅವಳು ಆಫೀಸಿಗೆ ಹೋದ ಮೇಲೆ ಬಂದು ನಮ್ಮ ಮನೆಯ ತೂತುಗಳನ್ನು ನೋಡಿ ಹೋಗುತ್ತಿದ್ದರು. ಕೊನೆಗೆ ಇಲಿ ನಿಂತದ್ದು ಅವರ ಕಂಬಿಯ ನಾರಿನಿಂದಲೇ.

ಒಂದು ಸಲ ಹೇಳಿಬಿಡಬೇಕೆಂದು ಹೊರಟೆ. ಹೋದ ವರ್ಷ. ಅವರ ಬಾಗಿಲು ತಟ್ಟಿ, "ಮಾಮಿ, ಆ ವಡೆಯ ವಿಷಯ," ಎಂದು ಶುರು ಮಾಡಿದ್ದೆ. ಒಳಗೆ ಫೋನ್ ಹೊಡೆದುಕೊಂಡಿತು. ವಡೆಯ ಮಾತು ಕೇಳಿಯೇ ಅವರ ಮುಖ ಅರಳಿತ್ತು. ಎಲ್ಲಿ ತಪ್ಪಿದೆ ಎಂದು ರಾಯರಿಗೆ ಹೊಳೆದಿದೆ, ಕೊನೆಗೂ ಹೇಳಲು ಬಂದಿದ್ದಾರೆ ಎಂದುಕೊಂಡಿರಬೇಕು.

"ಲೈನಲ್ಲಿರಿ ರಾಯರೇ, ಬಂದೆ," ಎಂದು ಒಳಗೆ ಹೋದರು.

ನಾನು ತಿರುಗಿ ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಬಂದು ಬೆಲ್ ಮಾಡಿದರು. ತೆಗೆಯಲಿಲ್ಲ.

ಹೋದ ತಿಂಗಳು ಮಾಮಿ ಹೃದಯ ನಿಂತು ಹೋದರು, ಯಾರಿಗೂ ತೊಂದರೆ ಕೊಡಲಿಲ್ಲ. ತಾಂಬರಂನಲ್ಲಿರುವ ಮಗಳು ಬಂದು ಕಾರ್ಯಗಳನ್ನೆಲ್ಲ ಮಾಡಿಸಿದರು. ಹದಿಮೂರನೆಯ ದಿನದ ಊಟ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ. ನಾನು, ಮೊಮ್ಮಗಳು, ಸೊಸೆ ಸಾಲಾಗಿ ಎಲೆಗೆ ಕೂತಿದ್ದೆವು. ಮೊಮ್ಮಗಳು ಈಗ ನನ್ನ ಭುಜಕ್ಕೆ ಬರುತ್ತಾಳೆ. ಸಾವಿನ ಮನೆ ಎಂದು ಸೊಸೆ ಬಂದಿದ್ದಳು, ಅಷ್ಟೇ.

ವಡೆಯ ಬುಟ್ಟಿ ಹಿಡಿದು ಮಗಳೇ ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದರು. "ಅಮ್ಮನಿಗೆ ಇಷ್ಟ ಅಂತ ಮೆಣಸಿನ ವಡೇನೇ ಮಾಡಿಸಿದೀನಿ," ಎನ್ನುತ್ತಿದ್ದರು. ಸೊಸೆ ತನ್ನ ಎಲೆಗೆ ಕೈ ಅಡ್ಡ ಹಿಡಿದಳು. ಮಗುವಿನ ಎಲೆಗೆ ಬಿದ್ದ ವಡೆಯನ್ನು ಬೆರಳಿನಿಂದ ಅಂಚಿಗೆ ಸರಿಸಿ, "ಅದು ಬೇಡ ನಿನಗೆ," ಎಂದಳು. ಮೆಲ್ಲಗೇ ಹೇಳಿದಳು. ಆದರೂ ಮಾಮಿಯ ಮಗಳಿಗೆ ಕೇಳಿಸಿತು. ಆಕೆಯ ಕೈ ಬುಟ್ಟಿಯ ಮೇಲೆ ನಿಂತುಹೋಯಿತು.

"ಆ ವಡೆಗೆ ವಿಷ ಹಾಕಿದ್ದು ನಾನು," ಎಂದೆ.

ಸೊಸೆಗೆ ಅರ್ಥವಾಗಲಿಲ್ಲ. "ಏನು ಮಾವಾ?"

"ಮಣಿ ತಿಂದಿದ್ದು. ಇಲಿಗೆ ಅಂತ ಮಾಮಿಯ ವಡೆಗೇ ಪುಡಿ ತುಂಬಿಟ್ಟಿದ್ದೆ. ಡಾಕ್ಟರ ಹತ್ತಿರ ಸುಳ್ಳು ಹೇಳಿದೆ. ಅವರ ವಡೆಯಲ್ಲಿ ಏನೂ ತಪ್ಪಿರಲಿಲ್ಲ."

ಸಾಲಿನಲ್ಲಿ ಊಟ ನಿಂತಿತು. ಸೊಸೆ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಅವಳ ಕಣ್ಣು ನನ್ನಿಂದ ಮಗುವಿಗೆ ಹೋಯಿತು. ಏನಾಗಬಹುದಿತ್ತು ಎಂದು ಲೆಕ್ಕ ಹಾಕಿತು. "ಅವರು ಇದ್ದಾಗ ಬಾಯಿ ಬರಲಿಲ್ವಾ ನಿಮಗೆ?" ಎಂದಳು.

ಮಾಮಿಯ ಮಗಳು, "ಅಮ್ಮ ಬೇಳೆ ಅಂಗಡೀನೇ ಬದಲಾಯಿಸಿದ್ರು," ಎಂದರು, ಯಾರಿಗೂ ಅಲ್ಲದ ಹಾಗೆ. "ಫೋನ್ ಮಾಡಿದಾಗೆಲ್ಲ ಕೇಳೋರು. ಎಣ್ಣೇನಾ, ಬಾಣಲೇನಾ ಅಂತ."

ಮೊಮ್ಮಗಳು ತಮಿಳಿನಲ್ಲಿ ಕೇಳಿದಳು. "ಅಪ್ಪೋ, ನಾನ್ ದಾನೇ ತಾತಾ ಮಣಿಕ್ಕು ಕೊಡುತ್ತೇನ್?" ಹಾಗಾದರೆ ಮಣಿಗೆ ಕೊಟ್ಟವಳು ನಾನೇ ಅಲ್ಲವೇ ಎಂದು. ಇದನ್ನು ನಾನು ಯೋಚಿಸಿರಲಿಲ್ಲ. ತಪ್ಪೊಪ್ಪಿಕೊಂಡರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಹೊರೆಯ ಒಂದು ಪಾಲು ಅವಳ ತಲೆಗೂ ಹೋಗುತ್ತದೆ ಎಂದು ತಿಳಿದಿರಲಿಲ್ಲ.

"ಇಲ್ಲ ಕಂದಾ. ನಿನ್ನ ಕೈ ಅಷ್ಟೇ. ಕೊಟ್ಟವನು ನಾನು," ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಲೆಯ ಅಂಚಿನಲ್ಲಿದ್ದ ವಡೆಯನ್ನು ಎತ್ತಿ, ನಾನು ಕಲಿಸಿದ ಹಾಗೆಯೇ ಕಣ್ಣಿಗೊತ್ತಿಕೊಂಡು, ತಿನ್ನತೊಡಗಿದಳು. ಸೊಸೆ ತಡೆಯಲಿಲ್ಲ. ತನ್ನ ಎಲೆಯ ಮೇಲೆ ಅಡ್ಡವಿಟ್ಟಿದ್ದ ಕೈ ತೆಗೆದು, "ನನಗೂ ಒಂದು ಹಾಕಿ," ಎಂದಳು.

ಮಾಮಿಯ ಮಗಳು ಅವಳಿಗೆ ಬಡಿಸಿದರು. ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತರು. ಬಡಿಸದೆ ಮುಂದಕ್ಕೆ ಹೋದರು.

ಎದ್ದು ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎನ್ನಿಸಿತು. ಹೋಗಲಿಲ್ಲ. ಸಾಲಿನ ಕೊನೆಯವರು ಎಲೆ ಮಡಚುವವರೆಗೂ ಅಲ್ಲೇ ಕೂತಿದ್ದೆ.